ಪ್ರಸಾದಿಯ ಅವಧಾನ: ಮಜ್ಜೆಯ ಕಸಿಯ ನಂತರದ ದಿನಗಳಲ್ಲಿ ಕಂಡದ್ದು



ಷಟ್‍ಸ್ಥಲ ಸಿದ್ಧಾಂತದಲ್ಲಿ ಒಂದೊಂದು ಸ್ಥಲಕ್ಕೂ ಒಂದೊಂದು ಭಕ್ತಿಯನ್ನು ಹೇಳಲಾಗಿದೆ. ಭಕ್ತನದು ಶ್ರದ್ಧಾಭಕ್ತಿ, ಮಹೇಶ್ವರನದು ನಿಷ್ಠಾಭಕ್ತಿ, ಪ್ರಸಾದಿಯದು ಅವಧಾನಭಕ್ತಿ, ಪ್ರಾಣಲಿಂಗಿಯದು ಅನುಭಾವಭಕ್ತಿ, ಶರಣನದು ಆನಂದಭಕ್ತಿ, ಐಕ್ಯನದು ಸಮರಸಭಕ್ತಿ. ಇವುಗಳಲ್ಲಿ ಮೂರನೆಯದಾದ ಅವಧಾನಭಕ್ತಿಯ ಬಗ್ಗೆ ಜಿಜ್ಞಾಸುಗಳು ಆಗಾಗ ಒಂದು ಪ್ರಶ್ನೆ ಕೇಳುತ್ತಾರೆ. ಬಂದದ್ದೆಲ್ಲವೂ ಪ್ರಸಾದವೆಂದು ಸ್ವೀಕರಿಸುವವನು ಪ್ರಸಾದಿ. ಹಾಗಿದ್ದ ಮೇಲೆ ಅವನಿಗೆ ಅವಧಾನವೇಕೆ? ಎಚ್ಚರವೆಂಬುದು ಆಯ್ಕೆ ಮಾಡುವವನಿಗೆ ಬೇಕು, ಎಲ್ಲವನ್ನೂ ಒಪ್ಪಿಕೊಂಡವನಿಗೆ ಅದರಿಂದ ಏನು ಪ್ರಯೋಜನ?

ಈ ಪ್ರಶ್ನೆಗೆ ಗ್ರಂಥಗಳಲ್ಲಿ ಉತ್ತರವಿದೆ. ಅದನ್ನು ಪಾಠದಲ್ಲಿ ಓದಿದ್ದೆ, ಗೋಷ್ಠಿಗಳಲ್ಲಿ ಹೇಳಿಯೂ ಇದ್ದೆ. ಆದರೆ ಅದರ ಅರ್ಥ ಒಡಲಿಗೆ ಇಳಿದದ್ದು 2022ರಲ್ಲಿ, ರಕ್ತದ ಕ್ಯಾನ್ಸರಿಗಾಗಿ ಮಜ್ಜೆಯ ಕಸಿ ಮಾಡಿಸಿಕೊಂಡ ನಂತರ. ಈ ವಿಷಯವನ್ನು ಬರೆದರೆ ಇಂಥದೇ ಕಾಯಿಲೆಯಿಂದ ಬಳಲುವ ಸದ್ಭಕ್ತರಿಗೂ ಅವರ ಮನೆಯವರಿಗೂ ಉಪಯೋಗವಾದೀತೆಂದು ಪೂಜ್ಯ ಶ್ರೀಗಳವರು ಅಪ್ಪಣೆ ಕೊಡಿಸಿದರು. ಅವರ ಆಜ್ಞೆಯಂತೆ ಈ ಕೆಲವು ಮಾತುಗಳು.

ಮೊದಲು ಕಸಿಯೆಂದರೇನು ಎಂಬುದನ್ನು ತಿಳಿಯೋಣ. ಎಲುಬಿನೊಳಗಿನ ಮಜ್ಜೆಯಲ್ಲಿ ರಕ್ತಕಣಗಳೆಲ್ಲವೂ ಹುಟ್ಟುತ್ತವೆ. ನನಗೆ ಬಂದದ್ದು ಅಕ್ಯೂಟ್ ಮೈಲಾಯ್ಡ್ ಲ್ಯುಕೀಮಿಯಾ. ಅದರಲ್ಲಿ ಈ ಹುಟ್ಟುನೆಲೆಯೇ ಕೆಡುತ್ತದೆ. ಆದುದರಿಂದ ತೀವ್ರವಾದ ಔಷಧಗಳಿಂದ ಹಳೆಯ ಮಜ್ಜೆಯನ್ನು ಬರಿದು ಮಾಡಿ, ಹೊಂದಾಣಿಕೆಯಾಗುವ ಇನ್ನೊಬ್ಬರ ಮೂಲಕೋಶಗಳನ್ನು ರಕ್ತದ ಮೂಲಕ ಒಳಗೆ ಬಿಡುತ್ತಾರೆ. ಒಂದೇ ತಂದೆತಾಯಿಗಳ ಮಕ್ಕಳಲ್ಲಿ ಒಬ್ಬರ ಅಂಗಾಂಶ ಇನ್ನೊಬ್ಬರಿಗೆ ಪೂರ್ಣವಾಗಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು ಮಾತ್ರ. ನನ್ನ ಪಾಲಿಗೆ ಅಕ್ಕ ಹೊಂದಿದಳು. ಎಲುಬು ಕೊರೆಯುತ್ತಾರೆಂದು ಊರಿನಲ್ಲಿ ಅವಳನ್ನು ಹೆದರಿಸಿದವರಿದ್ದರು. ನಡೆದದ್ದು ಬೇರೆ. ಕೆಲವು ದಿನ ಚುಚ್ಚುಮದ್ದು ಕೊಟ್ಟು ಮೂಲಕೋಶಗಳು ರಕ್ತಕ್ಕೆ ಇಳಿದು ಬರುವಂತೆ ಮಾಡಿದರು. ಬಳಿಕ ಒಂದು ತೋಳಿನಿಂದ ರಕ್ತವನ್ನು ಯಂತ್ರಕ್ಕೆ ಹಾಯಿಸಿ, ಬೇಕಾದ ಕೋಶಗಳನ್ನು ಬೇರ್ಪಡಿಸಿಕೊಂಡು, ಉಳಿದ ರಕ್ತವನ್ನು ಇನ್ನೊಂದು ತೋಳಿಗೆ ಮರಳಿಸಿದರು. ಅಷ್ಟೂ ಹೊತ್ತು ಅಕ್ಕ ಎಚ್ಚರವಾಗಿಯೇ ಮಲಗಿದ್ದಳು.

ನಮ್ಮ ದೇಶದಲ್ಲಿ ಇಂಥ ಮೊದಲ ಕಸಿಯನ್ನು 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ಸುರೇಶ ಅಡ್ವಾಣಿಯವರು ಮಾಡಿದರು. ಈ ಚಿಕಿತ್ಸೆಯನ್ನು ಬೆಳೆಸಿದ ಅಮೆರಿಕದ ಡಾ. ಡೊನಾಲ್ ಥಾಮಸ್ ಅವರಿಗೆ 1990ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರಕಿತು. ಈಗ ಕರ್ನಾಟಕದಲ್ಲಿಯೂ ಇದು ನಡೆಯುತ್ತಿದೆ.

ಕಸಿಯ ದಿನವನ್ನು ವೈದ್ಯರು ಸೊನ್ನೆಯ ದಿನವೆನ್ನುತ್ತಾರೆ. ಅಲ್ಲಿಂದ ಮುಂದೆ ಒಂದು, ಎರಡು, ಮೂರು ಎಂದು ಎಣಿಕೆ. ಶೂನ್ಯವೆಂಬುದು ಇಲ್ಲದಿರುವಿಕೆಯಲ್ಲ, ಎಲ್ಲದರ ಮೂಲನೆಲೆ ಎಂದು ಅಲ್ಲಮಪ್ರಭುದೇವರನ್ನು ಓದಿದವರು ಬಲ್ಲರು. ಸೊನ್ನೆಯ ದಿನ ನನ್ನೊಳಗೆ ಹಳೆಯ ಮಜ್ಜೆಯೂ ಉಳಿದಿರಲಿಲ್ಲ, ಹೊಸದು ಇನ್ನೂ ಬೇರೂರಿರಲಿಲ್ಲ. ಹದಿನಾರನೆಯ ದಿನ ಬಿಳಿಯ ರಕ್ತಕಣಗಳು ಏಳತೊಡಗಿದವು. ಮೂರು ದಿನ ಬಿಡದೆ ಎಣಿಕೆ 500ನ್ನು ಮೀರಿದಾಗ ಕಸಿ ಹತ್ತಿತೆಂದು ವೈದ್ಯರು ಹೇಳಿದರು. ಮನೆಯವರು ಮಠಕ್ಕೆ ಸುದ್ದಿ ಮುಟ್ಟಿಸಿದರು. ಇನ್ನೇನು ಗೆದ್ದೆವೆಂದು ಎಲ್ಲರೂ ತಿಳಿದರು.

ನಿಜವಾದ ಪರೀಕ್ಷೆ ಆರಂಭವಾದದ್ದು ಆಮೇಲೆ. ಇಪ್ಪತ್ತನಾಲ್ಕನೆಯ ದಿನ ಅಂಗೈ, ಅಂಗಾಲು, ಕಿವಿಯ ಹಿಂಭಾಗ ಕೆಂಪೇರಿ ಉರಿಯತೊಡಗಿದವು. ಎರಡು ದಿನಗಳಲ್ಲಿ ಅದು ಎದೆಗೂ ಬೆನ್ನಿಗೂ ಹರಡಿತು. ಅನಂತರ ಕರುಳು ಕೆಟ್ಟಿತು. ಮಲ ನೀರಾಗಿ ಹರಿಯಿತು. ದಿನಕ್ಕೆ ಎಷ್ಟು ಹೋಯಿತೆಂದು ದಾದಿಯರು ಅಳೆದು ಬರೆದಿಟ್ಟುಕೊಳ್ಳುತ್ತಿದ್ದರು. ವೈದ್ಯರು ಇದನ್ನು ಗ್ರಾಫ್ಟ್ ವರ್ಸಸ್ ಹೋಸ್ಟ್ ಡಿಸೀಸ್ ಎಂದು ಕರೆದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಮನೆಗೆ ಬಂದ ಅತಿಥಿ ಮನೆಯವರನ್ನೇ ಹಗೆಗಳೆಂದು ಬಗೆದು ಹೊಡೆಯತೊಡಗುವ ಸ್ಥಿತಿ. ಬೇರೆ ಅಂಗಗಳ ಕಸಿಯಲ್ಲಿ ಒಡಲು ಹೊಸ ಅಂಗವನ್ನು ದೂರ ತಳ್ಳುವ ಭಯವೇ ಹೆಚ್ಚು. ಮಜ್ಜೆಯ ಕಸಿಯಲ್ಲಿ ಬಂದದ್ದೇ ಕಾವಲು ಪಡೆಯಾದ್ದರಿಂದ, ಅದು ಹೊಸ ಮನೆಯ ಚರ್ಮ, ಕರುಳು, ಯಕೃತ್ತುಗಳನ್ನು ಪರಕೀಯವೆಂದು ತಿಳಿಯಬಹುದು.

ಇದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ನೊಂದವಳು ಅಕ್ಕ. ಗಾಜಿನ ಬಾಗಿಲಿನ ಆಚೆ ನಿಂತು ಫೋನಿನಲ್ಲಿ ಕೇಳಿದಳು: “ನನ್ನ ರಕ್ತನ ನಿನಗ ಮುಳುವಾತೇನೋ ತಮ್ಮಾ?” ನನ್ನ ಬಾಯೊಳಗೆ ಹುಣ್ಣುಗಳಿದ್ದವು. ಉತ್ತರ ಕೊಡಲಾಗಲಿಲ್ಲ. ಉತ್ತರ ಕೊಟ್ಟವರು ವೈದ್ಯರು. ಚರ್ಮವನ್ನು ಸುಡುವ ಈ ಕೋಶಗಳೇ ಒಡಲಿನಲ್ಲಿ ಎಲ್ಲಿಯಾದರೂ ಅಡಗಿ ಉಳಿದಿರಬಹುದಾದ ಕ್ಯಾನ್ಸರಿನ ಕೋಶಗಳನ್ನೂ ಹುಡುಕಿ ಕೊಲ್ಲುತ್ತವೆ, ಅವುಗಳ ಬಲ ಬೇಕು, ಆದರೆ ಅದಕ್ಕೊಂದು ಅಂಕೆಯೂ ಬೇಕು, ಅದಕ್ಕಾಗಿಯೇ ಔಷಧ ಕೊಡುತ್ತಿದ್ದೇವೆ ಎಂದರು. ಅಂದಿನಿಂದ ಅಕ್ಕ ಆ ಮಾತನ್ನು ಮತ್ತೆ ಆಡಲಿಲ್ಲ.

ಸಾಮರಸ್ಯವೆಂಬ ಶಬ್ದವನ್ನು ನಾವು ಬಹಳ ಸುಲಭವಾಗಿ ಬಳಸುತ್ತೇವೆ. ಲಿಂಗಾಂಗ ಸಾಮರಸ್ಯವು ಷಟ್‍ಸ್ಥಲದ ಕೊನೆಯ ಮೆಟ್ಟಿಲು. ಅದಕ್ಕೆ ಮುನ್ನ ಐದು ಮೆಟ್ಟಿಲುಗಳಿವೆ. ಎರಡು ಒಂದಾಗುವ ಮುನ್ನ ತಿಕ್ಕಾಟವಿರುತ್ತದೆ, ಉರಿಯಿರುತ್ತದೆ, ಕಾಯುವಿಕೆಯಿರುತ್ತದೆ. ರೋಗವನ್ನು ಸಾಧನೆಯೊಂದಿಗೆ ಸರಿಸಮವೆಂದು ನಾನು ಹೇಳುತ್ತಿಲ್ಲ. ಕಸಿಯ ನಂತರದ ತೊಡಕನ್ನು ಕಸಿಯ ಸೋಲೆಂದು ತಿಳಿಯುವ ಮನೆಗಳಿಗೆ ಇಷ್ಟನ್ನು ಹೇಳಬೇಕಾಗಿದೆ: ಬಂದ ಅತಿಥಿ ಮನೆಯವನಾಗಲು ಕಾಲ ಹಿಡಿಯುತ್ತದೆ. ಮೂವತ್ತನೆಯ ದಿನದ ಪರೀಕ್ಷೆಯಲ್ಲಿ ನನ್ನ ರಕ್ತದ ಕೋಶಗಳೆಲ್ಲವೂ ಅಕ್ಕನವೆಂದು ತಿಳಿದುಬಂತು. ತಿಂಗಳುಗಳು ಕಳೆದಂತೆ ನನ್ನ ರಕ್ತದ ಗುಂಪೂ ಬದಲಾಗಿ ಅವಳದೇ ಆಯಿತು. ಕೂದಲು, ಚರ್ಮ ಮಾತ್ರ ಈಗಲೂ ನನ್ನವು. ರಕ್ತವನ್ನಷ್ಟೇ ಪರೀಕ್ಷಿಸಿದರೆ ಅದರಲ್ಲಿ ಕಾಣುವುದು ಹೆಣ್ಣಿನ ವರ್ಣತಂತುಗಳು. ಹೆಣ್ಣು ಗಂಡೆಂಬ ಗುರುತು ಒಡಲಿನದು, ಒಳಗಿರುವ ಆತ್ಮಕ್ಕೆ ಆ ಭೇದವಿಲ್ಲ ಎಂಬ ಜೇಡರ ದಾಸಿಮಯ್ಯನವರ ನಿಲುವನ್ನು ಪರೀಕ್ಷೆಗಾಗಿ ಅನೇಕ ಬಾರಿ ಬರೆದಿದ್ದೇನೆ. ಆ ವರದಿಯನ್ನು ಕೈಯಲ್ಲಿ ಹಿಡಿದಾಗ ಅದು ಬೇರೆಯೇ ರೀತಿಯಲ್ಲಿ ತಿಳಿಯಿತು.

ಇನ್ನು ಆಚರಣೆಯ ವಿಚಾರ. ಸದ್ಭಕ್ತರು ಹೆಚ್ಚಾಗಿ ಕೇಳುವುದು ಇದನ್ನೇ. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಎಂಬ ಎಂಟು ಆವರಣಗಳು ಭಕ್ತನನ್ನು ಕಾಯುತ್ತವೆ. ಕಸಿಯಾದವನಿಗೆ ಒಡಲಿನ ಸಹಜವಾದ ಆವರಣವೇ, ಅಂದರೆ ರೋಗನಿರೋಧಕ ಶಕ್ತಿಯೇ ಇರುವುದಿಲ್ಲ. ಹೂವು ಪತ್ರೆಗಳಲ್ಲಿ ಬೂಷ್ಟಿನ ಬೀಜಕಣಗಳಿರುತ್ತವೆಂದು ಅವನ್ನು ಕೋಣೆಗೆ ತರಗೊಡಲಿಲ್ಲ. ಭಸ್ಮದ ಧೂಳು ಬೇಡವೆಂದರು. ಕುದಿಸಿ ಆರಿಸಿದ ನೀರಿನ ಹೊರತು ಬೇರೆ ನೀರಿಲ್ಲ, ಆದುದರಿಂದ ಪಾದೋದಕವಿಲ್ಲ. ಆಗತಾನೆ ಬೇಯಿಸಿದ ಬಿಸಿ ಅನ್ನದ ಹೊರತು ಬೇರೆ ಆಹಾರವಿಲ್ಲ, ಆದುದರಿಂದ ದಾಸೋಹದ ಪ್ರಸಾದವಿಲ್ಲ. ದರ್ಶನಕ್ಕೆ ಹೋಗುವಂತಿಲ್ಲ, ಬಂದವರನ್ನು ಬಳಿಗೆ ಕರೆಯುವಂತಿಲ್ಲ. ಔಷಧ ಹಾಯಿಸಲು ಎದೆಯಲ್ಲಿ ಕೊಳವೆಯನ್ನು ಕೂಡಿಸಿದ್ದರಿಂದ ಅಲ್ಲಿ ಶಿವದಾರ ತಾಗಬಾರದೆಂದರು.

ಕೊನೆಯ ಮಾತು ನನ್ನನ್ನು ಬಹಳ ಕಲಕಿತು. ದೀಕ್ಷೆಯಾದಂದಿನಿಂದ ಇಷ್ಟಲಿಂಗವು ಅಂಗವನ್ನು ಬಿಟ್ಟಿರಲಿಲ್ಲ. ಪೂಜ್ಯ ಶ್ರೀಗಳವರಲ್ಲಿ ಅರಿಕೆ ಮಾಡಿಕೊಂಡಾಗ ಅವರು ಒಂದು ಕ್ಷಣವೂ ತಡೆಯದೆ ಹೇಳಿದರು: “ಕೊರಳಾಗ ಬ್ಯಾಡಂದ್ರ ತೋಳಿಗೆ ಕಟ್ಟಿಕೊಳ್ರಿ. ತೋಳೂ ಲಿಂಗದ ಸ್ಥಾನನ.” ಲಿಂಗವನ್ನು ಧರಿಸುವ ಸ್ಥಾನಗಳಲ್ಲಿ ತೋಳನ್ನೂ ಹಿರಿಯರು ಹೇಳಿದ್ದಾರೆ. ದಾದಿಯರೂ ಒಪ್ಪಿದರು. ಹೊಸ ದಾರ ಬಂತು. ಕರಡಿಗೆಯನ್ನು ದಿನಕ್ಕೆರಡು ಬಾರಿ ಸ್ಪಿರಿಟ್ಟಿನಿಂದ ಒರೆಸಿದೆವು. ಆ ಎಪ್ಪತ್ತು ದಿನ ನನ್ನ ಲಿಂಗಪೂಜೆಯೆಂದರೆ ತೊಳೆದ ಕೈಯನ್ನು ತೋಳಿನ ಮೇಲಿಟ್ಟು ಷಡಕ್ಷರಿಯನ್ನು ನೆನೆಯುವುದಷ್ಟೇ ಆಗಿತ್ತು.

ಈ ಸಂದರ್ಭದಲ್ಲಿ ಶೂನ್ಯಸಂಪಾದನೆಯಲ್ಲಿ ಬರುವ ನುಲಿಯ ಚಂದಯ್ಯನವರ ಪ್ರಸಂಗ ನೆನಪಾಗುತ್ತಿತ್ತು. ಹುಲ್ಲು ಕೊಯ್ಯುವಾಗ ಜಾರಿದ ಲಿಂಗವನ್ನು ಬಿಟ್ಟು ಅವರು ಕಾಯಕದಲ್ಲಿಯೇ ಮುಂದುವರಿದರು, ಲಿಂಗವೇ ಅವರನ್ನು ಹಿಂಬಾಲಿಸಿತು ಎಂದು ಕಥೆ. ಬಾಹ್ಯಾಚರಣೆಯೇ ಬೇಡವೆನ್ನಲು ಕೆಲವರು ಇದನ್ನು ಬಳಸುತ್ತಾರೆ. ಪ್ರಸಂಗವು ಅಲ್ಲಿಗೆ ನಿಲ್ಲುವುದಿಲ್ಲ. ಮಡಿವಾಳ ಮಾಚಿದೇವರು ನಡುವೆ ಬಂದು ಇಬ್ಬರನ್ನೂ ಕೂಡಿಸುತ್ತಾರೆ. ಲಿಂಗವೂ ಕಾಯಕಕ್ಕೆ ಕೈಹಚ್ಚುತ್ತದೆ. ಹೊರಗಿನ ಆಚಾರವನ್ನು ಕೈಬಿಟ್ಟವನಿಗೆ ಲಿಂಗ ಮುನಿಯುತ್ತದೆಯೆಂಬ ಭಯವೂ ಬೇಡ, ಲಿಂಗದ ಹಂಗೇ ಬೇಡವೆಂಬ ಉದಾಸೀನವೂ ಬೇಡ. ಮಾಡಬೇಕಾದ ಕೆಲಸದಲ್ಲಿ ಲಿಂಗವನ್ನು ಕೂಡಿಸಿಕೊಳ್ಳಬೇಕು. ಆಗ ನನ್ನ ಪಾಲಿಗೆ ಬಂದ ಕೆಲಸ ಗುಣವಾಗುವುದು.

ಆ ಕೆಲಸವೂ ಸುಲಭದ್ದಾಗಿರಲಿಲ್ಲ. ಅತಿಥಿಯ ಉರಿಯನ್ನು ತಗ್ಗಿಸಲು ದೊಡ್ಡ ಪ್ರಮಾಣದ ಸ್ಟೀರಾಯ್ಡು ಕೊಟ್ಟರು. ಅದರಿಂದ ಚರ್ಮ ತಣಿಯಿತು, ಸಕ್ಕರೆ ಏರಿತು, ತೊಡೆಗಳ ಕಸುವು ಇಳಿಯಿತು, ನಿದ್ರೆ ಹಾರಿತು. ನಿರೋಧಕ ಶಕ್ತಿ ಇನ್ನಷ್ಟು ಕುಗ್ಗಿದ್ದರಿಂದ ನಲವತ್ತೊಂದನೆಯ ದಿನ ಸೈಟೋಮೆಗಾಲೋ ಎಂಬ ವೈರಸ್ ಎದ್ದಿತು. ಇದು ಹೊರಗಿನಿಂದ ಬಂದದ್ದಲ್ಲ. ನಮ್ಮ ದೇಶದ ಬಹುಪಾಲು ಜನರ ಒಡಲಿನಲ್ಲಿ ಬಾಲ್ಯದಿಂದಲೇ ಮಲಗಿರುತ್ತದೆ, ಕಾವಲು ಸಡಿಲಾದಾಗ ಏಳುತ್ತದೆ. ಅದಕ್ಕೆ ಕೊಟ್ಟ ಔಷಧವು ಆಗತಾನೆ ಚಿಗುರಿದ ಬಿಳಿಯ ಕಣಗಳನ್ನು ಇಳಿಸಿತು. ಒಂದಕ್ಕೆ ಕೊಟ್ಟ ಮದ್ದು ಇನ್ನೊಂದಕ್ಕೆ ಕೇಡು. ಈ ಸಿಕ್ಕಿನ ನಡುವೆ ದಾರಿ ಹುಡುಕುವುದೇ ವೈದ್ಯರ ಕಾಯಕವಾಗಿತ್ತು. ವೈದ್ಯವೃತ್ತಿಯಲ್ಲಿದ್ದು ವಚನ ಬರೆದ ವೈದ್ಯ ಸಂಗಣ್ಣನವರು ರೋಗ ಮತ್ತು ಮದ್ದಿನ ಪರಿಭಾಷೆಯಲ್ಲಿಯೇ ಅನುಭಾವವನ್ನು ನುಡಿದರು. ಆ ಪರಿಭಾಷೆಯ ಬೆಲೆ ನನಗೆ ಆಗ ತಿಳಿಯಿತು.

ಒಂದು ರಾತ್ರಿ ಮಂತ್ರವೂ ನೆನಪಿನಲ್ಲಿ ನಿಲ್ಲದಾಯಿತು. ಆರಕ್ಷರಗಳನ್ನು ಕೊನೆ ಮುಟ್ಟಿಸಲಾಗಲಿಲ್ಲ. ಬದುಕುವೆನೆಂಬ ಆಸೆ ಹೋದದ್ದಕ್ಕಿಂತ ಅದೇ ಹೆಚ್ಚಿನ ದುಃಖವಾಯಿತು. ಮರುದಿನ ಫೋನಿನಲ್ಲಿ ಪೂಜ್ಯರ ಮುಂದೆ ಅಷ್ಟನ್ನೇ ಹೇಳಿದೆ. ಅವರ ಮಾತು ಹೀಗಿತ್ತು: “ಹೊತ್ತು ತಪ್ಪದಂಗ ಗುಳಿಗಿ ತೊಗೊಳ್ರಿ. ಈಗ ಅದ ನಿಮ್ಮ ಪೂಜಾ. ಉಳಿದದ್ದನ್ನ ನಾವಿಲ್ಲಿ ಮಾಡತೀವಿ.”

ಅವಧಾನಭಕ್ತಿಯ ವ್ಯಾಖ್ಯಾನ ನನಗೆ ದೊರೆತದ್ದು ಈ ಮಾತಿನಲ್ಲಿ. ಪ್ರಸಾದಿಯು ತನ್ನ ಬಳಿಗೆ ಬಂದದ್ದನ್ನು ಲಿಂಗಕ್ಕೆ ಅರ್ಪಿಸಿ ಸ್ವೀಕರಿಸುತ್ತಾನೆ. ಅರ್ಪಿಸುವ ಮುನ್ನ ಅದು ಅರ್ಪಣೆಗೆ ತಕ್ಕದ್ದೇ ಎಂದು ನೋಡಬೇಕಲ್ಲವೆ? ಆ ನೋಟವೇ ಅವಧಾನ. ರೋಗ ಬಂದಿದೆ ಎಂಬುದನ್ನು ಒಪ್ಪಿಕೊಳ್ಳಬೇಕು, ಸಿಕ್ಕದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳಬಾರದು. ಒಡಲು ಲಿಂಗದ ನೆಲೆಯೆಂದು ನಂಬಿದವನು ಅದರೊಳಗೆ ಏನನ್ನು ಬಿಟ್ಟುಕೊಳ್ಳುತ್ತೇನೆ ಎಂಬುದರಲ್ಲಿ ಎಚ್ಚರವಾಗಿರಬೇಕು.

ಆ ಎಚ್ಚರ ಎಷ್ಟು ಸಣ್ಣ ಸಣ್ಣ ಸಂಗತಿಗಳಲ್ಲಿದೆ ಎಂಬುದನ್ನು ಹೇಳುತ್ತೇನೆ. ಅತಿಥಿಯನ್ನು ಅಂಕೆಯಲ್ಲಿಡುವ ಸೈಕ್ಲೋಸ್ಪೋರಿನ್ ಗುಳಿಗೆಯನ್ನು ಹನ್ನೆರಡು ಗಂಟೆಗಳ ಅಂತರದಲ್ಲಿ ತಪ್ಪದೆ ತೆಗೆದುಕೊಳ್ಳಬೇಕು. ರಕ್ತದಲ್ಲಿ ಅದರ ಮಟ್ಟ ಇಳಿದರೆ ಚರ್ಮ ಉರಿಯುತ್ತದೆ, ಏರಿದರೆ ಮೂತ್ರಪಿಂಡ ಕೆಡುತ್ತದೆ. ಮಟ್ಟವನ್ನು ಅಳೆಯುವ ದಿನ ಬೆಳಗಿನ ಗುಳಿಗೆಯನ್ನು ರಕ್ತ ಕೊಟ್ಟ ನಂತರವೇ ನುಂಗಬೇಕು. ಚಕ್ಕೋತ ಹಣ್ಣು ಅದರ ಮಟ್ಟವನ್ನು ಏರಿಸುವುದರಿಂದ ಅದನ್ನು ಮುಟ್ಟಬಾರದು. ಐದಕ್ಕಿ ಲಕ್ಕಮ್ಮನವರು, ಮಾರಯ್ಯನವರು ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಕಳಿಸಿದ ಕಥೆ ನಮಗೆಲ್ಲ ಗೊತ್ತು. ಸಾಕೆಂಬ ಅಳತೆಯು ಲೋಭಕ್ಕೆ ಮಾತ್ರವಲ್ಲ, ಮದ್ದಿಗೂ ಬೇಕು.

ಭಕ್ತರು ಪ್ರೀತಿಯಿಂದ ತಂದ ನಾಟಿ ಔಷಧಗಳನ್ನು ಕೈಮುಗಿದು ಬದಿಗಿಟ್ಟೆವು. ಯಕೃತ್ತಿನ ಮೇಲೆ ಅವುಗಳ ಪರಿಣಾಮವೇನೆಂದು ತಿಳಿಯದು, ಕೊಡುತ್ತಿರುವ ಮದ್ದಿಗೆ ಅವು ಅಡ್ಡ ಬರಬಹುದು. ತಂದವರು ನೊಂದುಕೊಳ್ಳದಂತೆ ಇದನ್ನು ವಿವರಿಸುವ ಕೆಲಸವನ್ನು ಶ್ರೀಮಠದ ಹಿರಿಯರೇ ವಹಿಸಿಕೊಂಡರು. ಪ್ರಸಾದವೆಂದು ತಂದ ಮೊಸರನ್ನವನ್ನು ಕಣ್ಣಿಗೊತ್ತಿಕೊಂಡು ತಾಯಿಗೆ ಕೊಟ್ಟೆ. ಅವಳು ಉಂಡಳು. ಪ್ರಸಾದಕ್ಕೆ ಅದರಿಂದ ಕುಂದಾಯಿತೆಂದು ನನಗೆ ಅನ್ನಿಸಲಿಲ್ಲ.

ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‍ಹೀಟ್ ಮುಟ್ಟಿದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೋಗಬೇಕೆಂದು ಹೇಳಿದ್ದರು. ಮನೆಗೆ ಬಂದ ನಂತರ ಹೀಗೆ ಮೂರು ಬಾರಿ ನಡುರಾತ್ರಿ ಹೋದೆವು. ಎರಡು ಬಾರಿ ಅದು ಸಣ್ಣದಾಗಿತ್ತು. ಮೂರನೆಯ ಬಾರಿ ರಕ್ತಕ್ಕೇ ಸೋಂಕು ಇಳಿದಿತ್ತು. ಆ ರಾತ್ರಿ ಜ್ವರದ ಮಾತ್ರೆ ನುಂಗಿ ಮಲಗಿದ್ದರೆ ಬೆಳಗನ್ನು ಕಾಣುತ್ತಿದ್ದೆನೋ ಇಲ್ಲವೋ. ಸಣ್ಣದಕ್ಕೆ ಎರಡು ಬಾರಿ ಹೋದದ್ದು ವ್ಯರ್ಥವಾಯಿತೆಂದು ತಂದೆ ಒಮ್ಮೆಯೂ ಅನ್ನಲಿಲ್ಲ. ಅದು ಅವರ ಅವಧಾನ.

ದಾಸೋಹದ ಬಗೆಗೂ ಒಂದು ಮಾತು. ಆ ದಿನಗಳಲ್ಲಿ ನನಗೆ ಮತ್ತೆ ಮತ್ತೆ ಪ್ಲೇಟ್‍ಲೆಟ್ ಬೇಕಾಗುತ್ತಿತ್ತು. ಅದನ್ನು ಹೆಚ್ಚೆಂದರೆ ಐದು ದಿನ ಇಡಬಹುದು. ಹಣದಂತೆ, ಧಾನ್ಯದಂತೆ ಕೂಡಿಡಲಾಗದು. ಬೇಕಾದ ದಿನ ಯಾರಾದರೂ ಬಂದು ಮಲಗಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನಗರದಲ್ಲಿ ಓದುತ್ತಿದ್ದ ಶ್ರೀಮಠದ ವಿದ್ಯಾರ್ಥಿನಿಲಯದ ಹಳೆಯ ಹುಡುಗರು ಸರದಿಯ ಮೇಲೆ ಬಂದರು. ಅವರಲ್ಲಿ ಹೆಚ್ಚಿನವರ ಮುಖವನ್ನು ನಾನು ಇಂದಿಗೂ ನೋಡಿಲ್ಲ. ಕೊಟ್ಟವನಿಗೆ ಕೊಟ್ಟೆನೆಂಬ ಹಮ್ಮು, ಪಡೆದವನಿಗೆ ಪಡೆದೆನೆಂಬ ಕುಗ್ಗು ಎರಡೂ ಇರಬಾರದೆಂಬ ದಾಸೋಹದ ತತ್ವವನ್ನು ಇದಕ್ಕಿಂತ ಶುದ್ಧವಾಗಿ ನಾನು ಬೇರೆಲ್ಲಿಯೂ ಕಾಣಲಿಲ್ಲ. ಹಾಸಿಗೆಯಲ್ಲಿ ಮಲಗಿದ್ದ ನನ್ನ ಮಲಮೂತ್ರಗಳನ್ನು ಮುಖ ಸಿಂಡರಿಸದೆ ತೆಗೆದ ಆಯಾ ಒಬ್ಬರಿದ್ದರು. ಹೋಗುವ ದಿನ ಕೈಮುಗಿದಾಗ “ನನ್ನ ಕೆಲಸ ಅದು” ಎಂದರು. ಕಾಯಕವನ್ನು ಕುರಿತು ನಾನು ಎಂ.ಎ. ತರಗತಿಯಲ್ಲಿ ಪ್ರಬಂಧ ಬರೆದಿದ್ದೆ.

ಈಗಿನ ಸ್ಥಿತಿಯನ್ನು ಮುಚ್ಚಿಡದೆ ಹೇಳಬೇಕು. ಕ್ಯಾನ್ಸರು ಮರಳಿಲ್ಲ. ಆದರೆ ಅತಿಥಿ ಪೂರ್ತಿ ಶಾಂತನಾಗಿಲ್ಲ. ಎಂಟನೆಯ ತಿಂಗಳಲ್ಲಿ ಬಾಯಿ ಒಣಗತೊಡಗಿತು, ಕಣ್ಣಿನಲ್ಲಿ ನೀರು ನಿಂತಿತು. ಇದು ತೊಡಕಿನ ದೀರ್ಘಕಾಲದ ರೂಪ. ದಿನಕ್ಕೆ ಹಲವು ಬಾರಿ ಕಣ್ಣಿಗೆ ಹನಿ ಹಾಕಿಕೊಳ್ಳದೆ ಓದಲಾಗದು. ಖಾರ ಮುಟ್ಟಲಾಗದು. ಚಿಕ್ಕಂದಿನ ಲಸಿಕೆಗಳ ಬಲವೆಲ್ಲ ಹೋದದ್ದರಿಂದ ಕೂಸುಗಳ ಸಾಲಿನಲ್ಲಿ ಕುಳಿತು ಮತ್ತೆ ಒಂದೊಂದಾಗಿ ಹಾಕಿಸಿಕೊಂಡೆ. ಗ್ರಂಥಭಂಡಾರದ ಓಲೆಗರಿಗಳ ಬಳಿ ಹೋಗಲು ಅಪ್ಪಣೆಯಿಲ್ಲ. ಹಳೆಯ ಗರಿಗಳ ಧೂಳೂ ಬೂಷ್ಟೂ ಪುಪ್ಪುಸಕ್ಕೆ ಅಪಾಯ. ಆದುದರಿಂದ ಕಿರಿಯ ಸಹಾಯಕರು ಚಿತ್ರ ತೆಗೆದು ಕೊಡುತ್ತಾರೆ, ಗಣಕದ ಪರದೆಯ ಮೇಲೆ ದೊಡ್ಡದು ಮಾಡಿಕೊಂಡು ಪಾಠ ಓದುತ್ತೇನೆ. ಕಣ್ಣು ಉರಿದಾಗ ಅವರು ಓದುತ್ತಾರೆ, ನಾನು ಕೇಳಿ ತಿದ್ದುತ್ತೇನೆ. ಹಿಂದಿಗಿಂತ ನಿಧಾನ. ಒಂದೊಂದು ಪದದ ಮೇಲೆ ಹೆಚ್ಚು ಹೊತ್ತು ನಿಲ್ಲುವುದರಿಂದ ಹಿಂದೆ ಕಣ್ಣು ಜಾರಿಹೋಗುತ್ತಿದ್ದ ಪಾಠಾಂತರಗಳು ಈಗ ಕೈಗೆ ಸಿಗುತ್ತಿವೆ.

ಕಸಿಯಾದವರು ನಿಮ್ಮ ಮನೆಯಲ್ಲಿಯೋ ಓಣಿಯಲ್ಲಿಯೋ ಇದ್ದರೆ ಈ ಕೆಲವನ್ನು ನೆನಪಿಡಬೇಕೆಂದು ಪ್ರಾರ್ಥನೆ. ಮನೆಗೆ ಬಂದರೆಂದರೆ ಗುಣವಾದರೆಂದಲ್ಲ, ಮುಂದಿನ ತಿಂಗಳುಗಳೇ ಕಠಿಣವಾದವು. ನೋಡಲು ಹೋಗುವುದಕ್ಕಿಂತ ಹೋಗದಿರುವುದು ಕೆಲವೊಮ್ಮೆ ದೊಡ್ಡ ಸೇವೆ. ನೆಗಡಿಯಿದ್ದರಂತೂ ಬಾಗಿಲ ಬಳಿಯೂ ಸುಳಿಯಬೇಡಿರಿ. ಯಾವ ಜನ್ಮದ ಕರ್ಮವೋ ಎಂಬ ಮಾತನ್ನು ಅವರ ಕಿವಿಗೆ ಬೀಳಿಸಬೇಡಿರಿ. ಬಿದ್ದವನ ಹಣೆಬರಹವನ್ನು ಓದಿ ಹೇಳುವುದು ಶರಣರ ಧರ್ಮವಲ್ಲ, ಎತ್ತಿ ಕೂರಿಸುವುದು ಅವರ ಧರ್ಮ. ಕೊಡಲೇಬೇಕೆನಿಸಿದರೆ ರಕ್ತ ಕೊಡಿರಿ, ಪ್ಲೇಟ್‍ಲೆಟ್ ಕೊಡಿರಿ, ಆರೈಕೆ ಮಾಡುವವರಿಗೆ ಒಂದು ರಾತ್ರಿಯ ನಿದ್ರೆ ಕೊಡಿರಿ. ರೋಗಿ ಪೂಜೆ ಬಿಟ್ಟನೆಂದು ಎಣಿಸಬೇಡಿರಿ. ಗುಳಿಗೆಯ ಹೊತ್ತನ್ನು ನೋಡುತ್ತ ಕುಳಿತವನು ಪೂಜೆಯಲ್ಲಿಯೇ ಇದ್ದಾನೆ.

ಸಮರಸವು ಆರನೆಯ ಸ್ಥಲದ ಫಲ. ಅದು ಯಾವಾಗ ದೊರೆಯುತ್ತದೆಂದು ಲೆಕ್ಕ ಹಾಕುವುದು ನಮ್ಮ ಕೈಯಲ್ಲಿಲ್ಲ. ಮೂರನೆಯ ಸ್ಥಲದ ಅವಧಾನ ಮಾತ್ರ ಇಂದಿನ ಬೆಳಗಿನ ಗುಳಿಗೆಯಿಂದಲೇ ಆರಂಭಿಸಬಹುದಾದದ್ದು. ಬಳಲುತ್ತಿರುವ ಎಲ್ಲರಿಗೂ ಆ ಎಚ್ಚರವನ್ನೂ, ಆರೈಕೆಯಲ್ಲಿರುವ ಎಲ್ಲರಿಗೂ ಆ ತಾಳ್ಮೆಯನ್ನೂ ಬಸವಾದಿ ಶರಣರು ಕರುಣಿಸಲಿ.